ಅಹೆಲೆಮೊ ಹಿಡಿಯಲು ಹೋದ ಮೀನು

ಮೊದಮೊದಲು ಮೀನುಗಳಿಗೆ ಹೆಸರೇ ಇರಲಿಲ್ಲವಂತೆ. ಹೆಸರಿಲ್ಲದ ಮೇಲೆ ಯಾರು ಯಾರನ್ನು ಕರೆಯುತ್ತಿದ್ದಾರೆಂದು ಅವಕ್ಕೆ ಹೇಗೆ ತಿಳಿಯಬೇಕು? ದ್ವೀಪದಾಚೆಯ ಹೊರಗಡಲಿನ ಕಪ್ಪು ನೀರಿನಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡು ಸುಮ್ಮನೆ ನಿಂತಿರುತ್ತಿದ್ದವಂತೆ. ಆಗ ಹಸಿದ ಮುದುಕಿಯೊಬ್ಬಳು ಹವಳದ ದಿಬ್ಬದ ಮೇಲೆ ಕೂತು ಬಾಯಿಗೆ ಬಂದ ಹೆಸರನ್ನೆಲ್ಲ ಕೂಗತೊಡಗಿದಳು. ಒಂದೊಂದು ಹೆಸರು ಕೇಳಿದಾಗಲೂ ಒಂದೊಂದು ಮೀನು ತಲೆಯೆತ್ತಿ, ಇದು ನಾನೇ ಇರಬೇಕು ಅಂದುಕೊಂಡು ದಡದ ಕಡೆ ಈಜಿ ಬಂತು. ಬರುವ ದಾರಿಯಲ್ಲೇ ಅವಕ್ಕೆ ಬಣ್ಣ ಹತ್ತಿದ್ದು.

ಈ ಕಥೆಯನ್ನು ನನ್ನ ಅಜ್ಜಿ ಲುಹಿಯಾ ಕೇದಗೆಯ ಚಾಪೆ ಹೆಣೆಯುತ್ತ ಎಷ್ಟು ಸಲ ಹೇಳಿದ್ದಾಳೋ. ಅಮ್ಮ ಕೆಲಸಕ್ಕೆಂದು ಆಕ್ಲೆಂಡಿಗೆ ಹೋದ ಮೇಲೆ ನಾನು ಬೆಳೆದದ್ದು ಅಜ್ಜಿಯ ಕಥೆ ಮತ್ತು ಅಜ್ಜಿಯ ತೆಂಗಿನಹಾಲಿನ ಗಂಜಿಯ ಮೇಲೆ. ಕಥೆ ಮುಗಿದಾಗ ಅವಳು ಪ್ರತಿಸಲವೂ ಹೇಳುತ್ತಿದ್ದಳು, "ಕರೆದರೆ ಬರ್ತಾವೆ, ಕರೀದಿದ್ರೆ ಅಲ್ಲೇ ಇರ್ತಾವೆ." ಆಮೇಲೆ ಹೊರಗಡಲಿನ ಕಡೆ ಒಮ್ಮೆ ನೋಡುತ್ತಿದ್ದಳು.

ಈ ವರ್ಷ ನಮ್ಮ ದ್ವೀಪದ ಹಿರಿಯರ ಸಭೆ ನನಗೊಂದು ಕೆಲಸ ಕೊಟ್ಟಿತು. ನಮ್ಮ ಭಾಷೆಯಲ್ಲಿ ಮೀನುಗಳಿಗೆ, ಗಿಡಮರಗಳಿಗೆ ಇರುವ ಹೆಸರನ್ನೆಲ್ಲ ಕೂಡಿಸಿ ಶಾಲೆಯ ಮಕ್ಕಳಿಗೆ ಪುಸ್ತಕ ಮಾಡಬೇಕು. ಹೊರದೇಶದಿಂದ ರಜೆಗೆ ಬಂದ ಮೊಮ್ಮಕ್ಕಳು ಹವಳದ ದಿಬ್ಬದೊಳಗಿನ ಒಳಗಡಲಿನಲ್ಲಿ ಕಂಡದ್ದಕ್ಕೆಲ್ಲ 'ಮೀನು, ಮೀನು' ಎನ್ನುವುದನ್ನು ಕೇಳಿ ಹಿರಿಯರಿಗೆ ಸಾಕಾಗಿತ್ತು. ಗಿಡಗಳ ಕೆಲಸ ಬೇಗ ಮುಗಿಯಿತು. ನಮ್ಮ ಮರಳಿನಲ್ಲಿ ಬೆಳೆಯುವುದೇ ಎಷ್ಟು? ತೆಂಗು, ಕೇದಗೆ, ಜೀಗುಜ್ಜೆ, ಗುಂಡಿ ತೋಡಿ ಬೆಳೆಸುವ ಕೆಸು, ದಡದ ಉಪ್ಪುಗಾಳಿಗೆ ಬಗ್ಗಿ ನಿಂತ ನಾಲ್ಕಾರು ಬಗೆಯ ಪೊದೆಗಳು. ತೆಂಗಿನಕಾಯಿಯೊಂದೇ ತಡಮಾಡಿಸಿತು. ಮಿಡಿಗೊಂದು, ಎಳನೀರಿಗೊಂದು, ತಿರುಳು ಕೂಡಿದ್ದಕ್ಕೊಂದು, ಮೊಳಕೆ ಒಡೆದದ್ದಕ್ಕೊಂದು ಹೆಸರು. ಮೀನುಗಳೂ ಹಾಗೆಯೇ. ಬೆರಳುದ್ದ ಇದ್ದಾಗ ಇದ್ದ ಹೆಸರು ತೋಳುದ್ದ ಆದಾಗ ಇರುವುದಿಲ್ಲ. ಚಿತ್ರದ ಚೀಟಿಗಳನ್ನೂ ಧ್ವನಿ ಹಿಡಿಯಲು ಫೋನನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ನಾನು ಮನೆ ಮನೆ ತಿರುಗಿದೆ.

ಹೆಚ್ಚಿನ ಹೆಸರುಗಳು ಸಿಕ್ಕಿದ್ದು ಅಜ್ಜಿಯ ತಮ್ಮ ತಾವಿತಾನಿಂದ. ಅವನು ದೋಣಿಮನೆಯಲ್ಲಿ ಬಲೆ ಸರಿಮಾಡುತ್ತ ಕೂತಿರುತ್ತಿದ್ದ.

"ಇದೇನು ತಾತ?"

"ಇದಾ? ಹವಳ ಕಡಿಯೋದು. ನೋಡಿಲ್ಲಿ ಹಲ್ಲು. ನಿನ್ನನ್ನ ಮದುವೆಗೆ ಕೇಳ್ಕೊಂಡು ಬಂದಿದ್ನಲ್ಲ ಆ ಪಕ್ಕದ ದ್ವೀಪದ ಹುಡುಗ, ಥೇಟ್ ಅವನೇ."

"ಹೆಸರು ಹೇಳು ಅಂದ್ರೆ."

"ಹುಡುಗಂದೋ ಮೀನಿಂದೋ?"

ಹೀಗೆ ನಗುನಗುತ್ತ ಹೆಸರು ಹೇಳುತ್ತಿದ್ದವನು ಒಂದು ಚೀಟಿ ಬಂದಾಗ ಮಾತು ನಿಲ್ಲಿಸಿದ. ನೀಳವಾದ ಮೈ, ಚೂಪು ಮೂತಿ, ಬೆನ್ನಿನಿಂದ ಹೊಟ್ಟೆಗೆ ಇಳಿದ ನೀಲಿ ಪಟ್ಟೆಗಳು. ಅವನು ಆ ಚೀಟಿಯನ್ನು ಮೊಣಕಾಲಿನ ಮೇಲೆ ಮಗುಚಿ ಇಟ್ಟ.

"ಉದ್ದನೆಯದು ಅಂತ ಬರ್ಕೋ. ಮುಂದಿಂದು ತೋರಿಸು."

ನನಗೆ ಗೊತ್ತಿತ್ತು. ಆ ಚೀಟಿಯನ್ನು ಅವನ ಮುಂದೆ ಇಡಬಾರದಿತ್ತು. ಆದರೆ ಪುಸ್ತಕವೆಂದ ಮೇಲೆ ಹೇಗೆ ಬಿಡುವುದು?

ನಮ್ಮಲ್ಲಿ ಕಡಲು ಯಾರನ್ನಾದರೂ ತೆಗೆದುಕೊಂಡು ದೇಹ ಕೊಡದಿದ್ದರೆ, ಅವನು ಯಾವ ಮೀನಿಗೆಂದು ಹೋಗಿದ್ದನೋ ಆ ಮೀನಿನ ಹೆಸರನ್ನು ಅವನ ತಾಯಿ ಕಟ್ಟುತ್ತಾಳೆ. ಆಮೇಲೆ ದ್ವೀಪದಲ್ಲಿ ಯಾರೂ ಆ ಹೆಸರೆತ್ತುವುದಿಲ್ಲ, ಆ ಮೀನು ಹಿಡಿಯುವುದಿಲ್ಲ, ತಿನ್ನುವುದಿಲ್ಲ. ಇಗರ್ಜಿಯಲ್ಲಿ ಅವನಿಗಾಗಿ ಗಂಟೆ ಬಾರಿಸುವುದಿಲ್ಲ. ದಡದಲ್ಲಿ ಊರಿನ ಮೀನನ್ನು ಮನೆಮನೆಗೆ ಹಂಚುವಾಗ ಅವನ ಹೆಸರಿಗೂ ಒಂದು ಗುಡ್ಡೆ ಹಾಕುತ್ತಾರೆ. ಅವನಿನ್ನೂ ಮೀನಿನ ಹಿಂದೆ ಹೋಗಿದ್ದಾನೆ, ಅಷ್ಟೇ. ಒಂದು ದಿನ ತಾಯಿ ಮನಸ್ಸು ಗಟ್ಟಿ ಮಾಡಿಕೊಂಡು ಹೊರಗಡಲಿಗೆ ಮುಖ ಮಾಡಿ, ಆ ಮೀನಿನ ಒಂದು ತುತ್ತು ತಿಂದು ಹೆಸರು ಬಿಚ್ಚುತ್ತಾಳೆ. ಊರು ಅದನ್ನು ತಿರುಗಿ ಹೇಳುತ್ತದೆ. ಅಲ್ಲಿಂದ ಮೀನು ಎಲ್ಲರದು, ಮಗ ಸತ್ತವನು.

ಬಿಚ್ಚದೆ ತಾಯಿ ಸತ್ತರೆ ಹೆಸರು ಅವಳ ಜೊತೆ ಹೋಗುತ್ತದೆ. ಒಳಗಡಲಿನಲ್ಲಿ ಒಂದು ಕೆಂಪು ಮೀನಿದೆ, ಅದಕ್ಕೆ ನಾವು 'ಸೂಸಾಳದ್ದು' ಎನ್ನುತ್ತೇವೆ. ಸೂಸಾ ಎಂಬ ಅಜ್ಜಿ ಆ ಮೀನನ್ನು ಕೋಳಿಯ ಹಾಗೆ ಸಾಕಿದ್ದಿರಬೇಕು ಎಂದು ಚಿಕ್ಕವಳಿದ್ದಾಗ ನಾನು ಕಲ್ಪಿಸಿಕೊಳ್ಳುತ್ತಿದ್ದೆ. ಸೂಸಾ ಬಿಚ್ಚಲಾರದೆ ಹೋದ ತಾಯಿ ಎಂದು ತಿಳಿದದ್ದು ಈ ಹೆಸರುಗಳನ್ನು ಬರೆಯಲು ಕೂತ ಮೇಲೆ.

ಉದ್ದನೆಯ ಮೀನಿನ ಹೆಸರನ್ನು ಕಟ್ಟಿದವಳು ನನ್ನ ಅಜ್ಜಿ. ಅದರ ಹಿಂದೆ ಹೋದವನು ಅವಳ ಒಬ್ಬನೇ ಮಗ, ನನ್ನ ಸೋದರಮಾವ ಅಹೆಲೆಮೊ. ಆಗ ನನಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ನೆನಪಿರುವುದು ಅವನ ಬೆನ್ನು, ಹೆಗಲ ಮೇಲೆ ಸುತ್ತಿಟ್ಟ ಹುರಿಯ ಕುಣಿಕೆ, ಮತ್ತು ಆ ಹೆಸರು. ಹೌದು, ಹೆಸರು ನನಗೂ ಗೊತ್ತಿತ್ತು. ನನಗಿಂತ ದೊಡ್ಡವರಿಗೆಲ್ಲ ಗೊತ್ತಿತ್ತು. ಊರೆಲ್ಲ ಅದನ್ನು ಹೇಳದೆ ಬಾಯೊಳಗೇ ಇಟ್ಟುಕೊಂಡು ಓಡಾಡುತ್ತಿತ್ತು.

ಅಜ್ಜಿಗೆ ಈಚೆಗೆ ಕಾಲು ಊದಿಕೊಂಡು, ನಾಲ್ಕು ಹೆಜ್ಜೆ ಇಟ್ಟರೆ ಎದೆ ಹಿಡಿದಂತಾಗುತ್ತಿತ್ತು. ಈ ಸಲದ ಹಡಗಿನಲ್ಲಿ ದೂರದ ಆಪಿಯಾ ಪಟ್ಟಣದ ಆಸ್ಪತ್ರೆಗೆ ಹೋಗಲೇಬೇಕು, ಹೋದವರೆಲ್ಲ ವಾಪಸು ಬರುತ್ತಾರೆಂದು ಮಾತ್ರ ನಾನು ಹೇಳಲಾರೆ ಎಂದು ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. ಅಜ್ಜಿಯ ಕಿವಿ ಚುರುಕು. ಅದೂ ಅವಳಿಗೆ ಕೇಳಿಸಿತ್ತು.

ಒಂದು ಮಧ್ಯಾಹ್ನ ನಮ್ಮ ಮನೆಯ ಕಟ್ಟೆಯ ಮೇಲೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು, ಯಾರಿಗೆ ಎಷ್ಟು ಹೆಸರು ಬರುತ್ತದೆ ನೋಡೋಣ ಎಂದು ಚೀಟಿ ತೋರಿಸುತ್ತಿದ್ದೆ. ಉದ್ದನೆಯದನ್ನು ಕೆಳಗೆ ಬಚ್ಚಿಟ್ಟಿದ್ದೆ. ಒಬ್ಬಳು ಅದನ್ನು ಎಳೆದು ತೆಗೆದೇಬಿಟ್ಟಳು.

"ಇದು ನಂಗೊತ್ತು, ವಾಹೂ."

"ಫೋನಲ್ಲಿ ಇಂಗ್ಲಿಷ್ ಹೆಸರು ನೋಡಿದೀವಿ," ಎಂದಿತು ಇನ್ನೊಂದು. "ವಾಹೂ, ವಾಹೂ."

ಅಜ್ಜಿ ಒಳಗೆ ಮಲಗಿದ್ದಳು. ಅವಳ ನಗು ಕೇಳಿಸಿತು.

"ಏನೇ ಅದು, ನಾಯಿ ಬೊಗಳಿದ ಹಾಗೆ?"

ಮಕ್ಕಳೂ ನಕ್ಕರು. ಬೊಗಳುತ್ತಲೇ ಓಡಿಹೋದರು. ನಾನು ಚೀಟಿಗಳನ್ನು ಕೂಡಿಸಿಕೊಂಡು ಒಳಗೆ ಹೋದಾಗ ಅಜ್ಜಿ ಎದ್ದು ಕೂತಿದ್ದಳು. ನಗು ಮುಖದ ಮೇಲಿರಲಿಲ್ಲ.

"ಆ ಚಿತ್ರ ಕೊಡು."

ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಇಷ್ಟು ಸಣ್ಣದಾಗಿ ಬರೆದಿದ್ದಾರೆ. ನನ್ನ ಮಗ ಇದಕ್ಕಾ ಹೋಗಿದ್ದು? ನಾಯಿ ಬೊಗಳಿದ ಹೆಸರಿನದ್ದಕ್ಕಾ?"

"ಮಕ್ಕಳಿಗೆ ಗೊತ್ತಿಲ್ಲ ಅಜ್ಜಿ. ಯಾರೂ ಹೇಳಿಕೊಟ್ಟಿಲ್ಲವಲ್ಲ."

"ಹೇಳಿಕೊಡಬೇಡಿ ಅಂದೋಳು ನಾನು. ನಂಗೇ ಹೇಳ್ತೀಯಾ." ಆಮೇಲೆ ಕೇಳಿದಳು, "ನಿನ್ನ ಪುಸ್ತಕದಲ್ಲಿ ಏನಂತ ಹಾಕ್ತೀಯೇ?"

"ಉದ್ದನೆಯದು ಅಂತ."

"ನಾನು ಹೋದ ಮೇಲೆ?"

ಜೀಗುಜ್ಜೆ ಸುಟ್ಟದ್ದು ತಣ್ಣಗಾಗುತ್ತಿತ್ತು. ಸಿಪ್ಪೆ ಕೆರೆಯುತ್ತ ಕೂತೆ. ನನಗೆ ಆ ಹೆಸರು ಬೇಕಿತ್ತು, ಅದನ್ನು ಅವಳ ಬಾಯಿಂದ ತೆಗೆಯುವುದು ಮಾತ್ರ ಬೇಕಿರಲಿಲ್ಲ.

"ನೋಡು ಲೆಪೆಕಾ," ಎಂದಳು ಅವಳು, ಚೀಟಿಯನ್ನು ಮಡಿಲಲ್ಲಿ ಇಟ್ಟುಕೊಂಡು. "ಕರೀದಿದ್ರೆ ಅವು ಅಲ್ಲೇ ಇರ್ತಾವೆ ಅಂತ ಯಾಕೆ ಹೇಳ್ತಿದ್ದೆ ಗೊತ್ತಾ? ಊರೋರು ಯಾರೂ ಕರೀತಿಲ್ಲ, ಅದಕ್ಕೇ ಈ ಮೀನು ಹೊರಗಡೆನೇ ಇದೆ. ಅವನ ಸುತ್ತ ಇದೆ. ಅಲ್ಲಿ ಕತ್ತಲು, ತಣ್ಣಗೆ ಬೇರೆ. ಒಬ್ಬನೇ ಇರೋದು ಅವನಿಗೆ ಮೊದಲಿಂದಾನೂ ಆಗ್ತಿರಲಿಲ್ಲ. ಸಣ್ಣೋನಿದ್ದಾಗ ನನ್ನ ಬಟ್ಟೆ ತುದಿ ಹಿಡ್ಕೊಂಡೇ ಮಲಗೋನು. ಇವತ್ತು ನಾನು ಹೆಸರು ಬಿಚ್ಚಿದ್ರೆ ಇವೆಲ್ಲ ದಡಕ್ಕೆ ಬಂದ್ಬಿಡ್ತಾವೆ. ಆಮೇಲೆ ಅವನ ಜೊತೆಗೆ ಯಾರಿರ್ತಾರೆ?"

ನಾನೂ ಆ ಕಥೆಯನ್ನೇ ಉಂಡು ಬೆಳೆದವಳು. ನನಗೂ ಆ ಕಪ್ಪು ನೀರು, ನೀಲಿ ಪಟ್ಟೆಗಳು, ನಡುವೆ ಮಾವನ ಬೆನ್ನು ಕಂಡಂತಾಯಿತು.

"ಹಾಗಾದ್ರೆ ಬೇಡ ಬಿಡಜ್ಜಿ," ಎಂದೆ. "ಪುಸ್ತಕಕ್ಕೆ ಉದ್ದನೆಯದೇ ಸಾಕು."

"ಸಾಕಾ?" ಎಂದಳು. "ಅವನಿಗೆ ಬರ್ತಿದ್ದ ವಿದ್ಯೆ ಅದೊಂದೇ ಕಣೇ. ಓದಲಿಲ್ಲ, ಬರೀಲಿಲ್ಲ, ಹೆಂಡತಿ ಮಕ್ಕಳು ಆಗಲಿಲ್ಲ. ಈ ಮೀನನ್ನ ಕುಣಿಕೆ ಹಾಕಿ ಹಿಡಿಯೋದ್ರಲ್ಲಿ ಅವನಂಥೋನು ಇರಲಿಲ್ಲ. ಅದಕ್ಕೂ ನಾಯಿ ಹೆಸರು ಬಂದು ಕೂತ್ರೆ ಅವನದು ಅಂತ ಇಲ್ಲಿ ಉಳಿಯೋದೇನು?"

ಜೀಗುಜ್ಜೆ ಮುಟ್ಟಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ನಿದ್ದೆ ಮಾಡಲಿಲ್ಲ, ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು.

ಮರುದಿನ ತಮ್ಮನನ್ನು ಕರೆಸಿದಳು. ನಮ್ಮಲ್ಲಿ ಗಂಡುಮಕ್ಕಳು ಅಕ್ಕತಂಗಿಯರ ಕೋಣೆಗೆ ಕಾಲಿಡುವುದಿಲ್ಲ. ತಾವಿತಾ ಬಾಗಿಲ ಹೊರಗೆ, ಮುಖ ಬೇರೆ ಕಡೆ ಮಾಡಿ ಕೂತ. ದೋಣಿಮನೆಯ ತುಂಟತನವೆಲ್ಲ ಎಲ್ಲಿ ಬಿಟ್ಟು ಬಂದಿದ್ದನೋ.

"ಕುಣಿಕೆ ಹಾಕೋದು ಮರೆತಿಲ್ಲ ತಾನೇ?" ಎಂದು ಅಜ್ಜಿ ಒಳಗಿನಿಂದ ಕೇಳಿದಳು.

ಅವನಿಗೆ ತಕ್ಷಣ ಅರ್ಥವಾಯಿತು. ತಲೆ ತಗ್ಗಿಸಿದ.

"ಅಕ್ಕಾ, ಹಿರಿಯರ ಸಭೆಯಿಂದ ಯಾರೂ ಕೇಳಿಲ್ಲ. ಯಾರೂ ಕೇಳೋದೂ ಇಲ್ಲ. ನಿನಗೆ ಬೇಡ ಅಂದ್ರೆ ಹಾಗೇ ಇರ್ಲಿ."

"ನನಗೆ ಬೇಕು ಅಂತ ಯಾರು ಹೇಳಿದ್ರು? ಹಿಡ್ಕೊಂಡು ಬಾ ಅಂದೆ. ಹಡಗು ಬರೋದ್ರೊಳಗೆ ಆಗ್ಬೇಕು. ಆಪಿಯಾದ ಕಡಲು ಬೇರೆ ಕಡಲು, ಅಲ್ಲಿಂದ ಕೂಗಿದ್ರೆ ಅವನಿಗೆ ಕೇಳಲ್ಲ."

ಹಡಗು ಬರುವ ಮುನ್ನಾದಿನ ಬೆಳಿಗ್ಗೆ ತಾವಿತಾ ಅದನ್ನು ತಂದ. ಇಷ್ಟು ವರ್ಷ ಯಾರೂ ಹಿಡಿಯದ ಮೀನು ದೋಣಿಯ ಪಕ್ಕಕ್ಕೇ ಬಂದು ಮೂತಿ ಒಡ್ಡಿತಂತೆ. ಸುದ್ದಿ ದ್ವೀಪಕ್ಕೆಲ್ಲ ಹರಡಿ, ಕರೆಯದೆಯೇ ಎಲ್ಲರೂ ಹೊರಗಡಲಿನ ದಡಕ್ಕೆ ಬಂದರು. ಅಜ್ಜಿಗೆ ಅಷ್ಟು ದೂರ ನಡೆಯಲು ಆಗದು. ತೆಂಗಿನಕಾಯಿ ಸಾಗಿಸುವ ಕೈಗಾಡಿಯಲ್ಲಿ ಚಾಪೆ ಹಾಸಿ ಅವಳನ್ನು ಕೂರಿಸಿ ನಾನೇ ತಳ್ಳಿಕೊಂಡು ಹೋದೆ.

"ನಿಧಾನ ಕಣೇ. ನಾನೇನು ಒಣಕೊಬ್ಬರಿ ಮೂಟೆನಾ?" ಎಂದು ದಾರಿಯುದ್ದಕ್ಕೂ ಬೈದಳು. ದಡ ಕಂಡ ಮೇಲೆ ಬೈಯಲಿಲ್ಲ.

ಮೀನನ್ನು ತೆಂಗಿನ ಗರಿಯ ಮೇಲೆ ಮಲಗಿಸಿದ್ದರು. ಸತ್ತರೂ ಪಟ್ಟೆಗಳು ಇನ್ನೂ ಪೂರ್ತಿ ಮಾಸಿರಲಿಲ್ಲ. ಅಜ್ಜಿ ಬಗ್ಗಿ ಅದರ ಮೈಮೇಲೆ ತಲೆಯಿಂದ ಬಾಲದವರೆಗೆ ಕೈ ಆಡಿಸಿದಳು. ಬಾಲದ ಬುಡದಲ್ಲಿ ಕುಣಿಕೆ ಬಿಗಿದ ಗುರುತಿತ್ತು. ಅಲ್ಲಿ ಅವಳ ಬೆರಳು ತುಂಬ ಹೊತ್ತು ನಿಂತಿತು.

ತಾವಿತಾ ಬೆನ್ನಿನ ಮಾಂಸವನ್ನು ತೆಳ್ಳಗೆ ಕೊಯ್ದು, ಕಡಲ ನೀರಿನಲ್ಲಿ ಅದ್ದಿ, ಎಲೆಯ ಮೇಲೆ ಇಟ್ಟು ನನ್ನ ಕೈಗೆ ಕೊಟ್ಟ. ನಾನು ಅಜ್ಜಿಗೆ ಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಅವಳು ಅದನ್ನು ಆ ಕಡೆ ಈ ಕಡೆ ಹೊರಳಿಸಿದಳು. ನುಂಗುವುದು ಆಗುತ್ತಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಗಂಟಲು ಅಲುಗಿದ್ದು ಕಂಡಿತು.

ಅವಳು ಹೊರಗಡಲಿನತ್ತ ಮುಖ ಎತ್ತಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಇಷ್ಟು ವರ್ಷ ಹೇಳದೆ ಮರೆತೇಬಿಟ್ಟಳೇನೋ ಎಂದು ನನಗೆ ಭಯವಾಯಿತು. ಹೇಳಿಕೊಡುವಂತೆಯೂ ಇರಲಿಲ್ಲ. ತೆರೆ ಒಂದು ಬಂದು ದಿಬ್ಬಕ್ಕೆ ಬಡಿದು ಹಿಂದಕ್ಕೆ ಸರಿಯಿತು.

"ಪಾಲಾ," ಎಂದಳು ಅಜ್ಜಿ.

ಕೂಗಿ ಹೇಳಲಿಲ್ಲ. ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವಷ್ಟೇ ದನಿ.

"ಪಾಲಾ," ಎಂದಿತು ಹಿಂದೆ ನಿಂತ ಊರು. ಮುದುಕರ ದನಿ ಒಡೆದಿತ್ತು. ನನ್ನ ವಯಸ್ಸಿನವರು, ಚಿಕ್ಕಂದಿನಲ್ಲಿ ಕೇಳಿ ಬಾಯಿಮುಚ್ಚಿಕೊಂಡವರು, ಹೇಳಬಹುದೋ ಇಲ್ಲವೋ ಎನ್ನುವಂತೆ ಮೆಲ್ಲಗೆ ಅಂದರು. ಮಕ್ಕಳು ಮಾತ್ರ ಹೊಸದೊಂದು ಸಿಕ್ಕಿದ ಖುಷಿಯಲ್ಲಿ ಗಟ್ಟಿಯಾಗಿ ಅಂದವು. ನನ್ನ ಬಾಯಿಂದಲೂ ಅದು ಬಂತು. ಫೋನು ಬುಟ್ಟಿಯಲ್ಲೇ ಉಳಿಯಿತು.

ಅದೇ ಹೊತ್ತಿಗೆ ಇಗರ್ಜಿಯ ಗಂಟೆ ಶುರುವಾಯಿತು. ಸತ್ತವರಿಗೆ ಬಾರಿಸುವ ಹಾಗೆ, ಒಂದು ಪೆಟ್ಟು, ಆಮೇಲೆ ತುಂಬ ಹೊತ್ತು ಬಿಟ್ಟು ಇನ್ನೊಂದು. ಹೆಂಗಸರು ಅಹೆಲೆಮೊನ ಹೆಸರು ಹಿಡಿದು ಅಳತೊಡಗಿದರು. ಅಜ್ಜಿ ಅಳಲಿಲ್ಲ. ನೀರನ್ನೇ ನೋಡುತ್ತಿದ್ದವಳು ಸ್ವಲ್ಪ ಹೊತ್ತಾದ ಮೇಲೆ ಗಾಡಿಯ ಅಂಚು ತಟ್ಟಿದಳು.

"ಆಯ್ತಲ್ಲ. ಮನೆಗೆ ತಳ್ಳು."

ಮಧ್ಯಾಹ್ನವೆಲ್ಲ ಮಕ್ಕಳು ಬೀದಿಯಲ್ಲಿ ಅದನ್ನೇ ಆಟ ಮಾಡಿಕೊಂಡರು. ಒಬ್ಬ ಮೀನು, ಒಬ್ಬ ಕುಣಿಕೆ. ಪಾಲಾ ಬಂತು, ಪಾಲಾ ಹೋಯ್ತು, ಪಾಲಾ ಸಿಕ್ತು. ನಾನು ಗದರಿಸಲು ಎದ್ದೆ.

"ಬೈಬೇಡ್ವೇ," ಎಂದಳು ಅಜ್ಜಿ. "ಕೂಗ್ಲಿ. ಅದಕ್ಕೇ ಅಲ್ವಾ ಬಿಚ್ಚಿದ್ದು."

ಹಾಗೆ ಹೇಳಿದವಳು ಸ್ವಲ್ಪ ಹೊತ್ತಿಗೆ ಚಾಪೆಯನ್ನು ಹಿಂದಿನ ಕೋಣೆಗೆ ಎಳೆಸಿಕೊಂಡಳು. ಅಲ್ಲಿ ಬೀದಿಯ ದನಿ ಕಡಿಮೆ ಕೇಳುತ್ತದೆ.

ಸಂಜೆ ದಡದಲ್ಲಿ ಮೀನು ಹಂಚುತ್ತಿದ್ದರು. ಅಭ್ಯಾಸಬಲದಿಂದ ನಾನು ಎರಡು ಬುಟ್ಟಿ ಹಿಡಿದು ಹೋಗಿದ್ದೆ. ಹಂಚುತ್ತಿದ್ದ ಕೆಲೆ ಎಂಬವನ ಕೈಯೂ ಅಭ್ಯಾಸ ಬಿಟ್ಟಿರಲಿಲ್ಲ. ಅಜ್ಜಿಯ ಗುಡ್ಡೆಯ ಪಕ್ಕದಲ್ಲಿ ಇನ್ನೊಂದು ಗುಡ್ಡೆ ಹಾಕಿಬಿಟ್ಟ. ಹಾಕಿದ ಮೇಲೆ ನನ್ನ ಮುಖ ನೋಡಿದ.

"ಇರ್ಲಿ, ಇವತ್ತೊಂದಿನ ತಗೊಂಡ್ಹೋಗು," ಎಂದ ಮೆಲ್ಲಗೆ.

"ಅಜ್ಜಿ ಎಣಿಸ್ತಾಳೆ," ಎಂದೆ.

ಅವನು ಬಗ್ಗಿ ಆ ಮೀನುಗಳನ್ನು ಒಂದೊಂದಾಗಿ ತೆಗೆದು ಬೇರೆಯವರ ಗುಡ್ಡೆಗಳಿಗೆ ಸೇರಿಸಿದ. ಜಲ್ಲಿಯ ಮೇಲೆ ಒದ್ದೆ ಗುರುತು ಉಳಿದು, ಗಾಳಿಗೆ ಒಣಗಿತು.

ಬೆಳಗಾದಾಗ ಹಡಗು ದಿಬ್ಬದಾಚೆ ಬಂದು ನಿಂತಿತ್ತು. ಅಜ್ಜಿ ಭಾನುವಾರದ ಬಟ್ಟೆ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಗಂಟಿನ ಪಕ್ಕ ಕೂತಿದ್ದಳು. ನಾನೂ ಅವಳ ಜೊತೆ ಹೋಗುವವಳಿದ್ದೆ. ಬುಟ್ಟಿಗೆ ಚೀಟಿಗಳನ್ನು ತುಂಬುತ್ತಿದ್ದಾಗ ಅವಳು ಕೇಳಿದಳು, "ನಿನ್ನ ಪುಸ್ತಕದಲ್ಲಿ ಬರೀ ಹೆಸರೇನಾ?"

"ಇಲ್ಲಜ್ಜಿ. ಎಲ್ಲಿರುತ್ತೆ, ಹೇಗೆ ಹಿಡೀತಾರೆ, ಎಲ್ಲಾ ಬರೀತೀವಿ."

"ಹಂಗಾದ್ರೆ ಕೂತ್ಕೋ. ತಾವಿತಾನ್ನ ಕೇಳಬೇಡ, ಅವನು ಅವಸರದೋನು."

ಕೂತೆ. ಅವಳು ಕಥೆ ಹೇಳುವಾಗ ಮಾಡುವಂತೆ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಳು.

"ಹಾರುಮೀನೊಂದನ್ನ ಕೋಲಿನ ತುದಿಗೆ ಕಟ್ಟಿ ದೋಣಿ ಪಕ್ಕ ನೀರಿನ ಮೇಲೆ ಎಳೀಬೇಕು, ಜೀವ ಇರೋ ಹಂಗೆ ಕುಣಿಸ್ತಾ. ಕುಣಿಕೆ ಅದರ ಹಿಂದೆ ನೀರೊಳಗಿರಬೇಕು. ಪಾಲಾ ಬರುತ್ತೆ. ಅದಕ್ಕೆ ತುಂಬ ಜಂಬ, ದೋಣಿ ಕಂಡ್ರೂ ಹೆದರಲ್ಲ. ತಲೆ ತೂರಿಸಿದ ಕೂಡ್ಲೆ ಎಲ್ಲರೂ ಎಳೆದುಬಿಡ್ತಾರೆ, ಜಾರಿ ಹೋಗುತ್ತೆ. ಅಹೆಲೆಮೊ ಎಳೀತಿರಲಿಲ್ಲ. ಕಿವಿರು ದಾಟಲಿ, ರೆಕ್ಕೆ ದಾಟಲಿ, ಬಾಲದ ಹತ್ತಿರ ಬರ್ಲಿ ಅಂತ ಉಸಿರು ಬಿಗಿಹಿಡ್ಕೊಂಡು ಕಾಯ್ತಿದ್ದ. ಅಷ್ಟು ಹೊತ್ತು ಕಾಯೋಕೆ ಯಾರಿಗೂ ಆಗ್ತಿರಲಿಲ್ಲ. ಬರ್ಕೊಂಡ್ಯಾ?"

"ಬರ್ಕೊಂಡೆ."

"ಎಡಗೈಲಿ ಹಿಡೀತಿದ್ದ ಅಂತ ಬರಿ. ಅವನು ಎಡಚ. ಇದಕ್ಕೆ ಇಬ್ಬರು ಹೋಗ್ಬೇಕು, ಒಬ್ಬ ಹುಟ್ಟು ಹಾಕೋಕೆ. ಅವತ್ತು ಜೊತೆಗಾರನಿಗೆ ಜ್ವರ. ನಾಳೆ ಹೋಗೋ ಅಂದೆ. ನಾಳೆ ಅಂದ್ರೆ ಪಾಲಾ ಕಾಯುತ್ತೇನಮ್ಮಾ ಅಂದ. ಕೆಸುವಿನ ಗಡ್ಡೆ ಬೇಯಿಸಿ ಎಲೆಯಲ್ಲಿ ಕಟ್ಟಿಕೊಟ್ಟೆ. ದಿಬ್ಬದ ಮೇಲೆ ನಿಂತು ನೋಡ್ತಾ ಇದ್ದೆ. ದೋಣಿ ಸಣ್ಣದಾಗ್ತಾ ಹೋಯ್ತು. ಒಂದು ಸಲ ಅವನು ಎದ್ದು ನಿಂತಿದ್ದು ಕಾಣಿಸ್ತು. ಸಿಕ್ಕಿರಬೇಕು, ದೊಡ್ಡದೇ ಸಿಕ್ಕಿರಬೇಕು, ಇಲ್ಲದಿದ್ರೆ ಅವನು ಹಾಗೆ ಎದ್ದು ನಿಲ್ಲೋನಲ್ಲ."

ಅವಳು ನಿಲ್ಲಿಸಿದಳು. ಹೊರಗೆ ತಾವಿತಾ ದೋಣಿ ಸಿದ್ಧವಾಗಿದೆ ಎಂದು ಕೂಗಿದ.

"ಆಮೇಲೆ?" ಎಂದೆ, ಚಿಕ್ಕಂದಿನಿಂದ ಅವಳ ಪ್ರತಿ ಕಥೆಗೂ ಕೇಳುತ್ತ ಬಂದ ಹಾಗೆ.

"ಆಮೇಲಿಂದು ನನಗೆ ಗೊತ್ತಿಲ್ಲ ಕಣೇ," ಎಂದಳು ಅಜ್ಜಿ. "ನಾನು ದಡದಲ್ಲಿದ್ದೆ."

ನನ್ನ ಹೆಗಲು ಹಿಡಿದು ಅವಳು ಎದ್ದಳು. ದಡದಿಂದ ಕಂಡಷ್ಟನ್ನು ಮಾತ್ರ ನಾನು ಬರೆದುಕೊಂಡೆ.